ಓಡುವವರ ದಾರಿ, ನೋಡುವವರ ದಾರಿ

ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಬರಹ ಬೆಳೆದಿದೆ. ಅರ್ಧ ಪ್ರವಾಸ ಕೈಪಿಡಿ, ಅರ್ಧ ಮದುವೆಯ ಪಟ್ಟಿ. ಅಲ್ಲಿ ಅದನ್ನು ‘ಎಲೋಪ್‌ಮೆಂಟ್ ಗೈಡ್’ ಎನ್ನುತ್ತಾರೆ. ನಮ್ಮ ಮಾತಿಗೆ ತಂದರೆ, ಓಡಿಹೋಗಿ ಮದುವೆಯಾಗುವವರಿಗೆ ಮಾರ್ಗದರ್ಶಿ. ಯಾವ ಕಾಲುದಾರಿ ಎಷ್ಟು ಉದ್ದ, ಏರು ಎಷ್ಟು, ದಾರಿಯ ಕೊನೆಗೆ ಸರೋವರ ಕಾಣುತ್ತದೆಯೋ ಜಲಪಾತವೋ, ಬೆಳಗಿನ ಬೆಳಕು ಯಾವ ದಿಕ್ಕಿನಿಂದ ಬೀಳುತ್ತದೆ, ಕಾರು ಎಲ್ಲಿ ನಿಲ್ಲಿಸಬೇಕು, ಮದುವೆಯ ಉಡುಪನ್ನು ಉಟ್ಟುಕೊಂಡೇ ನಡೆಯಬೇಕೋ ಚೀಲದಲ್ಲಿ ಇಟ್ಟುಕೊಂಡು ಹೋಗಬೇಕೋ, ಎಲ್ಲವೂ ಅದರಲ್ಲಿರುತ್ತದೆ. ಕನ್ನಡ ಕಾದಂಬರಿಗಳಲ್ಲಿ ಬರುವ ಕಾಲುದಾರಿಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಇಂಥ ಕೈಪಿಡಿಗಳು ಎದುರಾದದ್ದು ಸಹಜವೇ. ಒಂದೆರಡು ಓದಿ ನಕ್ಕು ಬಿಡಬಹುದಿತ್ತು. ಬಿಡಲಾಗಲಿಲ್ಲ. ಓಡಿಹೋಗುವುದಕ್ಕೆ ಹಿಂದಿನ ರಾತ್ರಿ ಏನೇನು ಸಿದ್ಧತೆ ಬೇಕು ಎಂಬುದನ್ನು ಕನ್ನಡದ ಒಂದು ದೊಡ್ಡ ಕಾದಂಬರಿಯೂ ಅಷ್ಟೇ ವಿವರವಾಗಿ ಹೇಳುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ, ಒಂದೇ ಪದದ ಕೆಳಗೆ ಎರಡು ಲೋಕಗಳಿರುವುದು ಕಂಡಿತು.

ಮೊದಲು ಕೈಪಿಡಿಯನ್ನೇ ನ್ಯಾಯವಾಗಿ ಓದೋಣ. ಕೊಲರಾಡೊ ರಾಜ್ಯದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನವನ್ನು ತೆಗೆದುಕೊಳ್ಳಿ. ಅಲ್ಲಿ ಮದುವೆಗೆಂದೇ ಗೊತ್ತುಮಾಡಿದ ಕೆಲವು ಜಾಗಗಳಿವೆ. ಅವುಗಳಲ್ಲಿ ಸ್ಪ್ರೇಗ್ ಸರೋವರ ಒಂದು. ಅದರ ಸುತ್ತಲಿನ ದಾರಿ ಒಂದು ಮೈಲಿಗೂ ಕಡಿಮೆ, ಹೆಚ್ಚುಕಡಿಮೆ ಸಮತಟ್ಟು. ಉದ್ಯಾನದ ಆಡಳಿತದಿಂದ ಮುಂಚಿತವಾಗಿ ಪರವಾನಗಿ ಪಡೆಯಬೇಕು, ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ. ಕೊಲರಾಡೊದ ಕಾನೂನಿನ ಪ್ರಕಾರ ಪುರೋಹಿತರು ಬೇಡ, ಪಾದ್ರಿ ಬೇಡ, ಸಾಕ್ಷಿಗಳೂ ಬೇಡ. ಇಬ್ಬರೂ ವಿವಾಹದ ಪರವಾನಗಿ ಪತ್ರಕ್ಕೆ ತಾವೇ ಸಹಿ ಹಾಕಿದರೆ ಮದುವೆ ಆಯಿತು. ಇಷ್ಟು ಅನುಕೂಲ ಇರುವ ಕಡೆ ಬರಹಗಾರರು ಚಿಂತಿಸಬೇಕಾದದ್ದು ಏನು ಉಳಿಯುತ್ತದೆ? ಬೆಳಕು, ಗಾಳಿ, ಜನಸಂದಣಿ. ಕೈಪಿಡಿಯ ಗದ್ಯವೂ ಹಾಗೆಯೇ ಇದೆ. ವಾಕ್ಯಗಳೆಲ್ಲ ‘ನೀವು’ ಎಂದು ಶುರುವಾಗುತ್ತವೆ. ಕ್ರಿಯಾಪದಗಳೆಲ್ಲ ಮುಂದೆ ಆಗಬಹುದಾದ್ದನ್ನು ಹೇಳುತ್ತವೆ. ‘ಆದರೆ’ ಎಂಬ ಪದ ಬರುವುದು ಮಳೆಯ ವಿಷಯ ಬಂದಾಗ ಮಾತ್ರ.

ಈ ಬರಹವನ್ನು ಶ್ರೀಮಂತರ ಆಟವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಾಲ ಮಾಡಿ ಛತ್ರ ತುಂಬಿಸುವ ಮದುವೆ ಬೇಡವೆಂದವರು, ಎರಡನೆಯ ಸಲ ಮದುವೆಯಾಗುತ್ತಿರುವವರು, ಮನೆಯವರೊಡನೆ ಮಾತು ಬಿಟ್ಟವರು, ಒಂದೇ ಲಿಂಗದ ಜೋಡಿಗಳು, ಇವರೆಲ್ಲರಿಗೂ ಆ ದಾರಿ ತೆರೆದಿದೆ. ಸ್ಪ್ರೇಗ್ ಸರೋವರದ ಸುತ್ತಲಿನ ದಾರಿಯಲ್ಲಿ ಗಾಲಿಕುರ್ಚಿಯೂ ಹೋಗಬಹುದು. ಅಜ್ಜಿಯನ್ನೋ ನಡೆಯಲಾರದ ಗೆಳೆಯನನ್ನೋ ಕರೆದುಕೊಂಡು ಹೋಗಬಹುದು ಎಂದು ತಿಳಿಸುವ ಒಂದು ಸಾದಾ ಸಾಲು, ಹಿಮದ ಬೆಟ್ಟಗಳ ಮೇಲಿನ ಹತ್ತು ಸಾಲಿನ ವರ್ಣನೆಗಿಂತ ನನಗೆ ಮುಖ್ಯವೆನಿಸುತ್ತದೆ. ದಾರಿ ಯಾರಿಗಾಗಿ ಇದೆ ಎಂಬ ಪ್ರಶ್ನೆಯನ್ನು ಕೈಪಿಡಿ ತನಗೆ ಅರಿವಿಲ್ಲದೆಯೇ ಕೇಳಿಬಿಡುವ ಜಾಗ ಅದು.

ನನ್ನ ತಕರಾರು ಪದದ ಬಗ್ಗೆ. ಓಡಿಹೋಗುವ ಕತೆಯಲ್ಲಿ ಯಾವಾಗಲೂ ನಾಲ್ಕು ಪಾತ್ರಗಳಿರುತ್ತವೆ. ಓಡುವವರಿಬ್ಬರು, ನೆರವಾಗುವವರು, ಬೆನ್ನಟ್ಟುವವರು. ಹೊಸ ಕೈಪಿಡಿಯಲ್ಲಿ ಓಡುವ ಇಬ್ಬರು ಮಾತ್ರ ಉಳಿದಿದ್ದಾರೆ. ನೆರವಾಗುವವರ ಜಾಗಕ್ಕೆ ಸಂಬಳದ ಛಾಯಾಗ್ರಾಹಕರು, ಯೋಜಕರು ಬಂದಿದ್ದಾರೆ. ಬೆನ್ನಟ್ಟುವವರಂತೂ ಕತೆಯಿಂದಲೇ ಮಾಯ. ಬೆನ್ನಟ್ಟುವವರು ಹೋದೊಡನೆ ದಾರಿಯ ಗುಣವೇ ಬದಲಾಗುತ್ತದೆ. ಹಿಂದೆ ಯಾರೂ ಬರುತ್ತಿಲ್ಲವಾದರೆ ಮಾತ್ರ ನಿಂತು ನೋಡಬಹುದು. ದಾರಿಯ ಚೆಲುವು ಕಣ್ಣಿಗೆ ಬೀಳುವುದು ಅಂಜಿಕೆ ಕಾಲು ಬಿಟ್ಟ ಮೇಲೆ.

ಆ ಇಂಗ್ಲಿಷ್ ಪದಕ್ಕೂ ಅಂಜಿಕೆಯ ಚರಿತ್ರೆ ಇದ್ದೇ ಇದೆ. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಅದು ಗಂಡನನ್ನು ಬಿಟ್ಟು ಬೇರೊಬ್ಬನೊಡನೆ ಹೋದ ಹೆಂಡತಿಗೆ ಅಂಟಿದ ಪದ. ಹಾಗೆ ಹೋದವಳು ಗಂಡನ ಆಸ್ತಿಯಲ್ಲಿ ವಿಧವೆಗೆ ಬರಬೇಕಾದ ಪಾಲನ್ನು ಕಳೆದುಕೊಳ್ಳುತ್ತಿದ್ದಳು. 1753ರಲ್ಲಿ ಇಂಗ್ಲೆಂಡು ಮದುವೆಯ ಕಾನೂನನ್ನು ಬಿಗಿ ಮಾಡಿ, 21 ವರ್ಷ ತುಂಬದವರಿಗೆ ಹೆತ್ತವರ ಒಪ್ಪಿಗೆ ಬೇಕೆಂದಿತು. ಸ್ಕಾಟ್ಲೆಂಡಿನಲ್ಲಿ ಆ ಕಟ್ಟಳೆ ಇರಲಿಲ್ಲ. ಹಾಗಾಗಿ ಜೋಡಿಗಳು ಗಾಡಿ ಕಟ್ಟಿಕೊಂಡು ಗಡಿಯಾಚೆಗಿನ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡತೊಡಗಿದವು. ಅಲ್ಲಿಯ ಕಮ್ಮಾರಸಾಲೆ ಮದುವೆಗಳಿಗೆ ಹೆಸರಾಯಿತು. 1856ರಲ್ಲಿ ಹೊಸ ಕಾನೂನು ಬಂತು: ಇಬ್ಬರಲ್ಲಿ ಒಬ್ಬರಾದರೂ 21 ದಿನ ಸ್ಕಾಟ್ಲೆಂಡಿನಲ್ಲಿ ವಾಸವಾಗಿರಬೇಕು. ಓಡುವವರನ್ನು ತಡೆಯಲು ಗೋಡೆ ಕಟ್ಟಬೇಕಾಗಿಲ್ಲ, ಕೆಲವು ದಿನ ಕಾಯಿಸಿದರೆ ಸಾಕು ಎಂಬುದು ಆಳುವವರಿಗೆ ಅಂದೇ ಗೊತ್ತಿತ್ತು. ಈ ದಿನಗಳ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕನ್ನಡದಲ್ಲಿ ಈ ಕ್ರಿಯೆಗೆ ಒಂದೇ ಪದವಿಲ್ಲ. ‘ಅವಳು ಓಡಿಹೋದಳು’ ಎನ್ನುತ್ತೇವೆ. ಅವನ ವಿಷಯಕ್ಕೆ ಬಂದರೆ ‘ಹಾರಿಸಿಕೊಂಡು ಹೋದ’, ‘ಓಡಿಸಿಕೊಂಡು ಹೋದ’. ಒಂದೇ ರಾತ್ರಿ, ಒಂದೇ ದಾರಿ, ಇಬ್ಬರ ಹೆಜ್ಜೆಯೂ ಒಂದೇ. ಆದರೂ ಮಾತಿನಲ್ಲಿ ಅವಳಿಗೆ ಬರುವುದು ಕಳಂಕ, ಅವನಿಗೆ ಬರುವುದು ಕಳ್ಳತನ. ಎರಡನೆಯ ಮಾತಿನಲ್ಲಿ ಹೆಣ್ಣು ಯಾರದೋ ಸೊತ್ತು. ಇಬ್ಬರೂ ಕೂಡಿ ಯೋಚಿಸಿ ಹೊರಟರು ಎಂದು ಹೇಳಲು ನಮ್ಮ ಆಡುಮಾತಿನಲ್ಲಿ ಸಲೀಸಾದ ಕ್ರಿಯಾಪದವೇ ಇಲ್ಲ. ಆ ಕೊರತೆಯನ್ನು ಕತೆಗಳು ತುಂಬಿಕೊಟ್ಟಿವೆ.

ಅಂಥ ಕತೆಗಳಲ್ಲಿ ನಮಗೆ ಚೆನ್ನಾಗಿ ಗೊತ್ತಿರುವುದು ಭಾಗವತದ ದಶಮಸ್ಕಂಧದಲ್ಲಿದೆ. ಯಕ್ಷಗಾನದಲ್ಲಿ ನಾವದನ್ನು ಎಷ್ಟೋ ಸಲ ನೋಡಿದ್ದೇವೆ. ಅಣ್ಣ ರುಕ್ಮಿ ತಂಗಿಯನ್ನು ಶಿಶುಪಾಲನಿಗೆ ಕೊಡಲು ನಿಶ್ಚಯಿಸಿದ್ದಾನೆ. ರುಕ್ಮಿಣಿ ಬ್ರಾಹ್ಮಣನೊಬ್ಬನ ಕೈಲಿ ಕೃಷ್ಣನಿಗೆ ಓಲೆ ಕಳಿಸುತ್ತಾಳೆ. ಆ ಓಲೆಯನ್ನು ಭಕ್ತಿಯೆಂದೂ ಪ್ರೇಮವೆಂದೂ ಹಾಡಿ ಹೊಗಳಿದ್ದೇವೆ. ಅದು ಒಂದು ಯೋಜನೆಯೂ ಹೌದು ಎಂಬುದನ್ನು ಗಮನಿಸಿದ್ದು ಕಡಿಮೆ. ಅರಮನೆಯ ಒಳಗೆ ನುಗ್ಗಿದರೆ ಬಂಧುಗಳು ಸಾಯುತ್ತಾರೆ, ಅದು ಬೇಡ. ಮದುವೆಯ ಹಿಂದಿನ ದಿನ ಕುಲದೇವತೆಯ ಯಾತ್ರೆ ಇದೆ. ಮದುಮಗಳು ಊರ ಹೊರಗಿನ ಗಿರಿಜೆಯ ಗುಡಿಗೆ ಹೋಗುವುದು ಮನೆತನದ ಪದ್ಧತಿ. ಆಗ ಬಾ. ಹೀಗೆ ದಿನ, ಜಾಗ, ದಾರಿ ಮೂರನ್ನೂ ಗೊತ್ತುಮಾಡಿದವಳು ಅವಳೇ. ಹೆಣ್ಣಿಗೆ ಒಪ್ಪಿಗೆಯಿರುವ ಒಂದೇ ಒಂದು ಹೊರದಾರಿ ಗುಡಿಯ ದಾರಿ. ಅರಮನೆಯಿಂದ ಗುಡಿಗೆ ಇರುವ ಆ ಗಿಡ್ಡ ದಾರಿಯನ್ನೇ ಅವಳು ಬಿಡುಗಡೆಯ ದಾರಿ ಮಾಡಿಕೊಂಡಳು. ಸುತ್ತ ಸಖಿಯರು, ಹಿಂದೆಮುಂದೆ ಕಾವಲಿನ ಭಟರು. ಎಲ್ಲರ ಕಣ್ಣೆದುರೇ ನಡೆದಳು. ಬೆನ್ನಟ್ಟುವವರು ತಕ್ಷಣ ಬಂದರು, ಯುದ್ಧವೂ ಆಯಿತು. ಆದರೆ ಬೆನ್ನಟ್ಟುವವರನ್ನು ಎದುರಿಸಬಲ್ಲ ರಥ ಅವಳಿಗಾಗಿ ಕಾದಿತ್ತು.

ರಥವಿಲ್ಲದವರ ಕತೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಪ್ರಕಟವಾದ ಈ ಕಾದಂಬರಿಯ ಹೆಸರಿನಲ್ಲೇ ಮಲೆಯೂ ಇದೆ, ಮದುವೆಯೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದ ತೀರ್ಥಹಳ್ಳಿ ಸೀಮೆ. ಅದರಲ್ಲಿ ಓಡಿಹೋಗುವ ಎರಡು ಕತೆಗಳು ಒಂದನ್ನೊಂದು ತಗುಲಿಕೊಂಡು ಸಾಗುತ್ತವೆ. ಸಿಂಬಾವಿ ಹೆಗ್ಗಡೆಯ ಜೀತದಾಳು ಗುತ್ತಿ ಬೆಟ್ಟಳ್ಳಿ ಹೊಲಗೇರಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಹೂವಳ್ಳಿಯ ಚಿನ್ನಮ್ಮ, ಈಗಾಗಲೇ ಹೆಂಡತಿಯಿರುವ ಸಿಂಬಾವಿ ಭರಮೈಹೆಗ್ಗಡೆಗೆ ಕೊಡುವ ಮದುವೆಯಿಂದ ತಪ್ಪಿಸಿಕೊಂಡು, ಮೆಚ್ಚಿದ ಕೋಣೂರಿನ ಮುಕುಂದಯ್ಯನಿಗಾಗಿ ರಾತ್ರಿ ಮನೆ ಬಿಡುತ್ತಾಳೆ. ಎರಡು ಕತೆಗಳ ದಾರಿಯೂ ಹುಲಿಕಲ್ಲು ನೆತ್ತಿಯ ಕಾಡಿಗೆ ಮುಟ್ಟುತ್ತದೆ.

ಇಲ್ಲಿ ಯೋಜನೆ ಮಾಡುವವರು ಯಾರು ಎಂದು ನೋಡಬೇಕು. ಹೂವಳ್ಳಿಯ ಮನೆಯ ಮಗಳಿಗೆ ಅಡುಗೆಮನೆಯೂ ಹಿತ್ತಿಲೂ ಕೊಟ್ಟಿಗೆಯೂ ಗೊತ್ತು. ಇರುಳಿನ ಕಾಡು ಗೊತ್ತಿಲ್ಲ. ಗೊತ್ತಾಗಲು ಯಾರೂ ಬಿಟ್ಟಿರಲಿಲ್ಲ. ಗೊತ್ತಿದ್ದದ್ದು ದುಡಿಯುವವರಿಗೆ. ಸೌದೆಗೆ, ಸೊಪ್ಪಿಗೆ, ಒಡೆಯರ ಓಲೆ ಮುಟ್ಟಿಸುವುದಕ್ಕೆ ಕಾಡಿನ ಒಳದಾರಿಗಳನ್ನು ಕಾಲಿನಲ್ಲೇ ಕಲಿತವರು ಅವರು. ಘಟ್ಟದ ಕೆಳಗಿನಿಂದ ಕೂಲಿಗೆ ಬಂದ ಐತ, ಪೀಂಚಲು ಇಲ್ಲದಿದ್ದರೆ ಚಿನ್ನಮ್ಮ, ಮುಕುಂದಯ್ಯರ ಯೋಜನೆಯೇ ಇಲ್ಲ. ಗುತ್ತಿಗಂತೂ ದಾರಿ ಎಂದರೆ ದಿನದ ಕೆಲಸ. ಅವನ ಜತೆಗಿರುವ ಹುಲಿಯನಿಗೆ ಅವನಿಗಿಂತ ಹೆಚ್ಚು ಗೊತ್ತು. ನಾಯಿಯ ಮೂಗು, ಕೂಲಿಯವರ ಕಾಲು, ಕತ್ತಲಿನಲ್ಲಿ ಕಿವಿ, ಇವೇ ಈ ಕಾದಂಬರಿಯ ನಕ್ಷೆ. ಮೈಲಿಯ ಲೆಕ್ಕವಿಲ್ಲ. ಬೆಳಗಾಗುವುದರೊಳಗೆ ಯಾರ ಎಲ್ಲೆ ದಾಟಬಹುದು ಎಂಬುದೊಂದೇ ಲೆಕ್ಕ.

ಬೆನ್ನಟ್ಟುವವರೂ ಎರಡು ಕತೆಗಳಲ್ಲಿ ಬೇರೆ ಬೇರೆ. ಚಿನ್ನಮ್ಮನ ಹಿಂದೆ ಬರುವುದು ಮನೆತನದ ಮಾನ. ತಿಮ್ಮಿಯ ಹಿಂದೆ ಬರುವುದು ಒಡೆತನ. ಅವಳು ಬೆಟ್ಟಳ್ಳಿ ಗೌಡರ ಹೊಲಗೇರಿಯವಳು. ಅವಳು ಯಾರ ಕೈ ಹಿಡಿಯಬೇಕೆಂಬುದರಲ್ಲಿ ಒಡೆಯರ ಮಾತು ನಡೆಯುತ್ತದೆ. ಅವಳು ಸಿಂಬಾವಿಗೆ ಹೋದರೆ ಒಂದು ಮನೆಗೆ ಆಳು ಕಡಿಮೆ, ಇನ್ನೊಂದು ಮನೆಗೆ ಆಳು ಹೆಚ್ಚು. ಪ್ರೀತಿಸಿ ಹೊರಟ ಹೆಣ್ಣಿನ ಮೇಲೆ ಅಪ್ಪನ ಹಕ್ಕಿಗಿಂತ ದೊಡ್ಡ ಹಕ್ಕೊಂದು ಇದೆ ಎಂಬುದನ್ನು ಕುವೆಂಪು ಭಾಷಣ ಮಾಡದೆ, ಒಂದು ರಾತ್ರಿಯ ನಡಿಗೆಯಲ್ಲಿ ತೋರಿಸಿಬಿಡುತ್ತಾರೆ. ‘ಹಾರಿಸಿಕೊಂಡು ಹೋದ’ ಎಂಬ ಮಾತಿನಲ್ಲಿರುವ ಸೊತ್ತಿನ ವಾಸನೆ ಇಲ್ಲಿ ಬರಿಯ ಮಾತಾಗಿ ಉಳಿಯುವುದಿಲ್ಲ.

ಹಾಗಾದರೆ ಆ ಕಾದಂಬರಿಯಲ್ಲಿ ಚೆಲುವು ಇಲ್ಲವೇ? ಬೇಕಾದಷ್ಟಿದೆ. ಮಲೆ, ಮಳೆ, ಮೋಡ, ಹಕ್ಕಿಯ ಕೂಗು, ಬೆಟ್ಟದ ನೆತ್ತಿಯಿಂದ ಕಾಣುವ ಕಣಿವೆ, ಇವುಗಳ ವರ್ಣನೆಗೆ ಕುವೆಂಪು ಎಂದೂ ಜಿಪುಣರಲ್ಲ. ಆದರೆ ನೋಡುತ್ತಿರುವವರು ಯಾರು? ಹೆಚ್ಚಿನ ಸಲ ನಿರೂಪಕ. ಓಡುವವರು ಸದ್ದಿಗೆ ಕಿವಿಗೊಟ್ಟಿರುತ್ತಾರೆ, ಕಾಲಿಗೆ ಹತ್ತಿದ ಇಂಬಳ ಕೀಳುತ್ತಿರುತ್ತಾರೆ, ಜಾರುವ ಕಲ್ಲಿನ ಮೇಲೆ ಹೆಜ್ಜೆ ಊರುತ್ತಿರುತ್ತಾರೆ. ಅದೇ ಹೊತ್ತಿನಲ್ಲಿ ನಿರೂಪಕ ತಲೆಯೆತ್ತಿ ಆಕಾಶ ನೋಡುತ್ತಾನೆ. ಹೊಸ ಕೈಪಿಡಿಯ ಪ್ರವಾಸಿ ಈ ಕಾದಂಬರಿಯಲ್ಲೂ ಇದ್ದಾನೆ ಎಂದರೆ ಕುವೆಂಪು ಅಭಿಮಾನಿಗಳು ಮುನಿಸಿಕೊಳ್ಳಬಾರದು. ಅವನು ಪಾತ್ರವಾಗಿಲ್ಲ, ದನಿಯಾಗಿದ್ದಾನೆ. ಓಡುವವರಿಗೆ ಆ ಹೊತ್ತಿನಲ್ಲಿ ಸಿಗದ ಚೆಲುವನ್ನು ಅವರ ಪರವಾಗಿ ಯಾರೋ ನೋಡಿ ಇಟ್ಟುಕೊಳ್ಳುತ್ತಿರುವ ಹಾಗೆ ಆ ವರ್ಣನೆಗಳು ನನಗೆ ಕೇಳಿಸುತ್ತವೆ. ಇದು ಕಾದಂಬರಿಯ ದೊಡ್ಡತನ.

ಅಲ್ಲಿಯೇ ಒಂದು ಅಸಮತೋಲವೂ ಇದೆ. ಚಿನ್ನಮ್ಮನ ರಾತ್ರಿಗೆ ನಿರೂಪಕ ಕೊಡುವ ಗಾಂಭೀರ್ಯ, ಅಲೌಕಿಕದ ಸುಳಿವು ತಿಮ್ಮಿಯ ರಾತ್ರಿಗೆ ಅಷ್ಟಾಗಿ ದಕ್ಕುವುದಿಲ್ಲ. ಗುತ್ತಿ, ತಿಮ್ಮಿಯರ ದಾರಿಯಲ್ಲಿ ಮೈ ಹೆಚ್ಚು, ತಮಾಷೆ ಹೆಚ್ಚು. ಅದು ಅವರ ಜೀವಂತಿಕೆಯೂ ಹೌದು, ಓದುಗರಾಗಿ ನಾವು ಅವರನ್ನೇ ಹೆಚ್ಚು ಪ್ರೀತಿಸುತ್ತೇವೆ. ಆದರೂ ಒಂದೇ ಕಾಡಿನಲ್ಲಿ ಒಬ್ಬಳಿಗೆ ದರ್ಶನ, ಇನ್ನೊಬ್ಬಳಿಗೆ ಬರಿಯ ಪ್ರಯಾಣ ಎಂಬ ಹಂಚಿಕೆ ನನ್ನನ್ನು ಇರಿಸುಮುರಿಸು ಮಾಡುತ್ತದೆ. ಇಲ್ಲಿ ಯಾರೂ ಮೇಲಲ್ಲ ಕೀಳಲ್ಲ ಎಂಬ ನಿಲುವಿನಿಂದ ಹೊರಟ ಕೃತಿಯಲ್ಲೇ ಈ ಹಂಚಿಕೆ ನುಸುಳಿದೆ ಎಂಬುದು ಜಾತಿ ಎಷ್ಟು ಒಳಗಿನವರೆಗೆ ಇಳಿದಿರುತ್ತದೆ ಎಂಬುದಕ್ಕೆ ಗುರುತು. ಕೊನೆಗೆ ಬೆಲೆ ತೆರುವವರು ಯಾರು ಎಂದು ಕೇಳಿದರೂ ಉತ್ತರ ಅದೇ ಕಡೆಗೆ ಹೋಗುತ್ತದೆ. ಇಡೀ ಕಾದಂಬರಿಯ ದಾರಿಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುತ್ತದೆ. ಗುತ್ತಿಯ ಹೆಸರಿಗೇ ಅಂಟಿಕೊಂಡಿದ್ದ ನಾಯಿ ಅದು.

2010ರಲ್ಲಿ ಮೈಸೂರಿನ ರಂಗಾಯಣ ಈ ಕಾದಂಬರಿಯನ್ನು ರಂಗಕ್ಕೆ ತಂದಿತು. ಕೆ.ವೈ. ನಾರಾಯಣಸ್ವಾಮಿ ಅವರ ರಂಗರೂಪ, ಸಿ. ಬಸವಲಿಂಗಯ್ಯ ಅವರ ನಿರ್ದೇಶನ. ಒಂಬತ್ತು ಗಂಟೆಯ ನಾಟಕ, ರಾತ್ರಿ ಶುರುವಾಗಿ ಬೆಳಗಿಗೆ ಮುಗಿಯುತ್ತಿತ್ತು. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕಿತ್ತು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲಿ ನಾನು ಅದನ್ನು ನೋಡಿದಾಗ, ಕಂಬಳಿ ಹೊದ್ದು ಚಾಪೆ ಸುತ್ತಿಕೊಂಡು ಕತ್ತಲಲ್ಲಿ ಸಾಲಾಗಿ ನಡೆಯುತ್ತಿದ್ದ ಜನರ ನಡುವೆ ಒಂದು ವಿಷಯ ಹೊಳೆಯಿತು. ನಮಗೆ ಆ ನಡಿಗೆ ಖುಷಿ. ಚಹಾ ಇತ್ತು, ದೀಪವಿತ್ತು, ಜತೆಗೆ ಗೆಳೆಯರಿದ್ದರು. ಅದೇ ಗಳಿಗೆಯಲ್ಲಿ ರಂಗದ ಮೇಲೆ ಚಿನ್ನಮ್ಮ ನಡೆಯುತ್ತಿದ್ದದ್ದು ಬೇರೆ ದಾರಿ. ಎರಡು ದಾರಿಗಳ ನಡುವಿನ ಅಂತರವನ್ನು ಯಾವ ವಿಮರ್ಶೆಯೂ ಅಷ್ಟು ಚೆನ್ನಾಗಿ ಹೇಳಲಾರದು.

ಈಗ ಕುವೆಂಪು ಅವರ ಇನ್ನೊಂದು ಬರಹದ ಕಡೆಗೆ ಬರುತ್ತೇನೆ. ಕಾದಂಬರಿ ಅಚ್ಚಾಗುವುದಕ್ಕೆ ಒಂದು ವರ್ಷ ಮೊದಲು, 1966ರಲ್ಲಿ, ಕುಪ್ಪಳಿಯಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಅವರಿಗೂ ರಾಜೇಶ್ವರಿ ಅವರಿಗೂ ಮಂತ್ರ ಮಾಂಗಲ್ಯದ ಪ್ರಕಾರ ಮದುವೆಯಾಯಿತು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಗಂಡುಹೆಣ್ಣು ಅರ್ಥವಾಗುವ ಮಾತಿನಲ್ಲಿ ಪ್ರತಿಜ್ಞೆ ಮಾಡುತ್ತಾರೆ, ಅಷ್ಟೇ. ಬೆಟ್ಟದ ಊರು, ಕೆಲವೇ ಜನ, ತಾವೇ ಆಡಿದ ಮಾತು. ಹೊಸ ಕೈಪಿಡಿಗಳು ಇಂದು ಮಾರುತ್ತಿರುವುದರ ತಿರುಳೆಲ್ಲ ಅಲ್ಲಿತ್ತು. ಕುಪ್ಪಳಿಯ ಮನೆಯಿಂದ ಕವಿಶೈಲಕ್ಕೆ ಹತ್ತುವ ದಾರಿಗಿಂತ ಚೆಂದದ ಗಿಡ್ಡ ದಾರಿ ಬೇಕೇ?

ಮಂತ್ರ ಮಾಂಗಲ್ಯವನ್ನು ನಾವು ಸಾಮಾನ್ಯವಾಗಿ ವೈಚಾರಿಕತೆಯ ಅಧ್ಯಾಯದಲ್ಲಿಟ್ಟು ಓದುತ್ತೇವೆ, ಮದುಮಗಳನ್ನು ಕಾದಂಬರಿಯ ಅಧ್ಯಾಯದಲ್ಲಿಟ್ಟು. ಎರಡನ್ನೂ ಒಟ್ಟಿಗೆ ಓದಬೇಕು ಎಂಬುದು ನನ್ನ ವಾದ. ಹೆಣ್ಣುಗಂಡು ಕತ್ತಲಲ್ಲಿ ಯಾಕೆ ಓಡಬೇಕಾಯಿತು ಎಂದು ಕಾದಂಬರಿ ನೂರಾರು ಪುಟಗಳಲ್ಲಿ ಹೇಳಿದರೆ, ಓಡದೆಯೇ ಹಗಲಲ್ಲಿ ನಿಂತು ಮದುವೆಯಾಗಬಹುದಾದ ಜಾಗ ಹೇಗಿರಬೇಕು ಎಂದು ಆ ಪುಟ್ಟ ಪುಸ್ತಕ ಹೇಳುತ್ತದೆ. ಹುಲಿಕಲ್ಲು ನೆತ್ತಿಯ ಪ್ರಶ್ನೆಗೆ ಕುಪ್ಪಳಿಯಲ್ಲಿ ಸಿಕ್ಕ ಉತ್ತರ ಅದು. ಆದರೆ ಉತ್ತರಕ್ಕೂ ಒಂದು ಮಿತಿಯಿದೆ. ಅಲ್ಲಿ ಮದುಮಗನ ತಂದೆಯೇ ಮುಂದೆ ನಿಂತಿದ್ದರು. ತಂದೆಯೇ ಬೆನ್ನಟ್ಟಿ ಬರುವವನಾದರೆ ಯಾವ ಪುಸ್ತಕ ಹಿಡಿದು ನಿಲ್ಲುವುದು?

ಕಾನೂನಿನ ಪುಸ್ತಕ ಎನ್ನಬಹುದು. ಜಾತಿ, ಮತ ಮೀರಿದ ಮದುವೆಗೆ ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಿದೆ. ಅದನ್ನೂ ಒಂದು ದಾರಿಯ ಬರಹವೆಂದೇ ಓದಿ ನೋಡಿ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು. ಆಮೇಲೆ ನೋಟಿಸು ಕೊಡಬೇಕು. ಹೆಸರು, ವಿಳಾಸವಿರುವ ಆ ನೋಟಿಸನ್ನು ಕಚೇರಿಯಲ್ಲಿ ಎದ್ದು ಕಾಣುವಂತೆ ಅಂಟಿಸಬೇಕು. ಮತ್ತೆ 30 ದಿನ ಯಾರಾದರೂ ಆಕ್ಷೇಪಿಸುತ್ತಾರೋ ಎಂದು ಕಾಯಬೇಕು. ಕೊನೆಗೆ ಮೂವರು ಸಾಕ್ಷಿಗಳು. ಇಷ್ಟೇ ಅಲ್ಲ. ಅವರ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸಿನ ಪ್ರತಿಯೊಂದನ್ನು ಆ ಜಿಲ್ಲೆಯ ಅಧಿಕಾರಿಗೂ ಕಳಿಸಬೇಕು, ಅಲ್ಲಿಯೂ ಅದನ್ನು ಅಂಟಿಸಬೇಕು. ಮುನ್ನೂರು ಕಿಲೋಮೀಟರು ಓಡಿ ಬಂದವರ ಹೆಸರು ಅಂಚೆಯಲ್ಲಿ ಮತ್ತೆ ಊರಿಗೆ ನಡೆದುಕೊಂಡು ಹೋಗುತ್ತದೆ. ಗ್ರೆಟ್ನಾ ಗ್ರೀನಿನ 21 ದಿನಗಳು ಕಾಯಿಸುತ್ತಿದ್ದವು. ನಮ್ಮ ದಿನಗಳು ಕಾಯಿಸುವುದರ ಜತೆಗೆ ತೋರಿಸಿಯೂ ಕೊಡುತ್ತವೆ.

ಗೆಳತಿಯೊಬ್ಬಳ ಇಂಥ ಮದುವೆಗೆ ಮೂವರಲ್ಲೊಬ್ಬ ಸಾಕ್ಷಿಯಾಗಿ ನಾನು ಸಹಿ ಹಾಕಿದ್ದೇನೆ. ಕಚೇರಿಯ ಗೋಡೆಯ ಮೇಲೆ ಅವಳ ಹೆಸರಿದ್ದ ಹಾಳೆಯ ಮುಂದೆ ಯಾರಾದರೂ ಹೆಚ್ಚು ಹೊತ್ತು ನಿಂತರೆ ನಮ್ಮ ಎದೆ ಡವಗುಟ್ಟುತ್ತಿತ್ತು. ಆ ಮೂವತ್ತು ದಿನ ಅವಳು ದಿನಕ್ಕೊಂದು ದಾರಿಯಲ್ಲಿ ಕೆಲಸಕ್ಕೆ ಹೋಗಿಬಂದಳು. ಮುಖ್ಯರಸ್ತೆ ಬಿಟ್ಟು ಗಲ್ಲಿ, ಗಲ್ಲಿ ಬಿಟ್ಟು ಸೇವಾರಸ್ತೆ. ಆ ದಾರಿಗಳಲ್ಲಿ ಏನು ಕಂಡೆ ಎಂದು ಕೇಳಿದರೆ ಅವಳಿಗೆ ನೆನಪಿರಲಿಕ್ಕಿಲ್ಲ. ಯಾವ ತಿರುವಿನಲ್ಲಿ ಅಂಗಡಿಯಿದೆ, ಅಲ್ಲಿ ಎಷ್ಟು ಹೊತ್ತಿನವರೆಗೆ ಜನ ಇರುತ್ತಾರೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಅವಳ ಮದುವೆಯಾದ ಮೇಲೆ ಗುತ್ತಿಯ ಅಧ್ಯಾಯಗಳನ್ನು ಮತ್ತೆ ಓದಿದಾಗ ದಾರಿಯ ವಿವರಗಳೆಲ್ಲ ನನಗೆ ಬೇರೆಯಾಗಿ ಕಂಡವು.

ನ್ಯಾಯಾಲಯಗಳು ಮಾತಾಡಿಲ್ಲವೆಂದಲ್ಲ. ಮರ್ಯಾದೆಯ ಹೆಸರಿನ ಕೊಲೆಗಳ ಬಗೆಗಿನ 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಂಥ ಜೋಡಿಗಳಿಗೆ ಜಿಲ್ಲೆಗಳಲ್ಲಿ ಸುರಕ್ಷಿತ ಮನೆ, ವಿಶೇಷ ಘಟಕ, ಸಹಾಯವಾಣಿ ಏರ್ಪಡಿಸುವಂತೆ ಸರ್ಕಾರಗಳಿಗೆ ಹೇಳಿತು. 2021ರ ಫೆಬ್ರವರಿಯಲ್ಲಿ ಬೆಳಗಾವಿ ಜಿಲ್ಲೆಯ ಪ್ರಕರಣವೊಂದರಲ್ಲಿ, ಮನೆಯವರಿಗೆ ತಿಳಿಸದೆ ದಿಲ್ಲಿಗೆ ಹೋಗಿ ಮದುವೆಯಾದ ಉಪನ್ಯಾಸಕಿ ಕಾಣೆಯಾಗಿದ್ದಾಳೆಂದು ದಾಖಲಾಗಿದ್ದ ದೂರನ್ನು ರದ್ದು ಮಾಡಿತು. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯ, ಕುಲದ ಅಪ್ಪಣೆ ಬೇಕಿಲ್ಲವೆಂದಿತು. ಅಲ್ಲಿಯ ಓಟಕ್ಕೆ ಕಾಡಿರಲಿಲ್ಲ, ವಿಮಾನವಿತ್ತು. ಆದರೂ ಪೊಲೀಸರು ವಾಪಸು ಬಂದು ಹೇಳಿಕೆ ಕೊಡು ಎಂದರು. ದಾರಿ ಎಷ್ಟೇ ಬದಲಾದರೂ ಬೆನ್ನಟ್ಟುವವರ ಪಾತ್ರ ಖಾಲಿಯಾಗಿಲ್ಲ.

ಹಾಗಾಗಿ ಕನ್ನಡದಲ್ಲೂ ಒಂದು ಕೈಪಿಡಿಯಿದೆ ಎಂದು ನನಗೆ ಅನಿಸುತ್ತದೆ. ಅದು ಅಚ್ಚಾಗಿಲ್ಲ. ಹಾಸ್ಟೆಲಿನ ಕೋಣೆಗಳಲ್ಲಿ, ಪಿ.ಜಿ.ಯ ಮಹಡಿಗಳಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೊದಲೇ ಮನೆಯಿಂದ ತಂದಿಟ್ಟುಕೋ, ವಯಸ್ಸಿಗೆ ಅದೇ ಆಧಾರ. ಬಂಗಾರ ಮುಟ್ಟಬೇಡ, ಕಳವಿನ ಕೇಸು ಹಾಕುತ್ತಾರೆ. ಒಂದು ಚೀಟಿ ಬರೆದಿಡು, ನನ್ನಿಷ್ಟದಿಂದ ಹೋಗುತ್ತಿದ್ದೇನೆ ಎಂದು, ದಿನಾಂಕ ಹಾಕು. ಬಸ್ ನಿಲ್ದಾಣದಲ್ಲಿ ಪರಿಚಯದ ಕಂಡಕ್ಟರಿದ್ದರೆ ಮುಂದಿನ ನಿಲುಗಡೆಗೆ ನಡೆದು ಹೋಗಿ ಹತ್ತು. ಮೊಬೈಲು ಆರಿಸು. ಮೂವರು ಸಾಕ್ಷಿಗಳಲ್ಲಿ ಒಬ್ಬರಾದರೂ ಸರ್ಕಾರಿ ನೌಕರಿಯಲ್ಲಿರಲಿ, ಅಷ್ಟು ಸುಲಭವಾಗಿ ಬೆದರುವುದಿಲ್ಲ. ಈ ಗದ್ಯವನ್ನೂ ಕೊಲರಾಡೊದ ಕೈಪಿಡಿಯನ್ನು ಓದಿದಷ್ಟೇ ಗಮನವಿಟ್ಟು ಓದಬೇಕು. ಇದು ವಿಧಿರೂಪದ ಗದ್ಯ. ಒಂದೊಂದು ವಾಕ್ಯದ ಹಿಂದೆಯೂ ಹಿಂದೊಮ್ಮೆ ಸಿಕ್ಕಿಬಿದ್ದವರ ಅನುಭವವಿದೆ. ಇದರಲ್ಲಿ ವಿಶೇಷಣಗಳಿಲ್ಲ. ಪೀಂಚಲು ಚಿನ್ನಮ್ಮನಿಗೆ ಏನೇನು ಹೇಳಿರಬಹುದೋ ಅದರ ಮುಂದುವರಿಕೆ ಇದು ಎನ್ನಲು ನನಗೆ ಅಳುಕಿಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ರಾಕಿ ಬೆಟ್ಟಗಳ ಆ ಉದ್ಯಾನದಲ್ಲಿ ‘ಯೂಟ್ ಟ್ರೇಲ್’ ಎಂಬ ಹಳೆಯ ಕಾಲುದಾರಿಯಿದೆ. ಯೂಟ್ ಜನ ಬೆಟ್ಟ ದಾಟಲು ನಡೆದ ದಾರಿ ಅದು. ಆ ಜನರನ್ನು ಅಲ್ಲಿಂದ ಎಬ್ಬಿಸಲಾಯಿತು. ಇಂದಿಗೆ ಆ ದಾರಿಯಲ್ಲಿ ಉಳಿದಿರುವುದು ಹೆಸರು ಮತ್ತು ನೋಟ. ನಮ್ಮ ಮಲೆಗಳ ದಾರಿಗಳೂ ಅದೇ ಕಡೆಗೆ ಹೊರಟಿವೆ. ಕುದುರೆಮುಖಕ್ಕೂ ಕುಮಾರಪರ್ವತಕ್ಕೂ ಚಾರಣ ಹೊರಡುವವರು ಈಗ ಮುಂಚೆಯೇ ನೋಂದಾಯಿಸಿಕೊಳ್ಳಬೇಕು. ಘಟ್ಟದ ರೆಸಾರ್ಟುಗಳಲ್ಲಿ ಮಂಜು ನೋಡುತ್ತಾ ಮದುವೆಯಾಗುವವರೂ ಹೆಚ್ಚುತ್ತಿದ್ದಾರೆ. ಆಗಲಿ, ಅವರಿಗೆ ಶುಭವಾಗಲಿ. ಆದರೆ ಕಾದಂಬರಿಯನ್ನು ಮಲೆನಾಡಿನ ಚೆಲುವಿಗಾಗಿ ಮಾತ್ರ ಓದುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ತರಗತಿಗಳಲ್ಲಿ ‘ಪ್ರಕೃತಿ ವರ್ಣನೆ’ ಎಂಬ ಐದು ಅಂಕದ ಪ್ರಶ್ನೆಯಾಗಿ ಅದು ಗಟ್ಟಿಯಾಗಿಬಿಟ್ಟಿದೆ. ಆ ಪ್ರಶ್ನೆಯ ಪಕ್ಕದಲ್ಲೇ ಇನ್ನೊಂದನ್ನು ಬರೆದುಕೊಳ್ಳಿ: ಈ ದಾರಿಯಲ್ಲಿ ಯಾರು ನಿಂತು ನೋಡಬಲ್ಲರು, ಯಾರು ನಿಲ್ಲಲಾರರು?

ತಿಮ್ಮಿ ಹುಲಿಕಲ್ಲು ನೆತ್ತಿಯಲ್ಲಿ ಒಂದು ಗಳಿಗೆ ನಿಂತು ಸುಮ್ಮನೆ ಕಣಿವೆ ನೋಡಬಹುದಾದ ಕಾಲ ಬಂದಾಗ, ‘ಓಡಿಹೋಗುವುದು’ ಎಂಬ ಪದಕ್ಕೆ ನಮ್ಮಲ್ಲೂ ಹೊಸ ಅರ್ಥ ಬರಬಹುದು. ಅಲ್ಲಿಯವರೆಗೆ ಅಚ್ಚಾಗದ ಆ ಕೈಪಿಡಿಯೇ ನಮ್ಮ ಕಾಲದ ನಿಜವಾದ ದಾರಿಬರಹ.